ಕುಡಿತ ಬಿಡುವವರ ಗುಂಪು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹುಡುಕುವುದು ಹೇಗೆ

ಶಿರಸಿ–ಕುಮಟಾ ರೂಟಿನಲ್ಲಿ ಕಂಡಕ್ಟರ್ ಆಗಿದ್ದವನು ನಾನು. ಕುಡಿತ ಬಿಟ್ಟು ಈಗ ಆರಾಮ ಇದ್ದೇನೆ, ಆದರೂ ಗುಂಪಿಗೆ ಹೋಗುವುದು ಬಿಟ್ಟಿಲ್ಲ. ಹಾಗಾಗಿ ಯಾರದೋ ಅಣ್ಣ, ಯಾರದೋ ಯಜಮಾನರ ವಿಷಯಕ್ಕೆ ನನಗೆ ಫೋನ್ ಬರುತ್ತಲೇ ಇರುತ್ತದೆ. ಎಲ್ಲರಿಗೂ ನಾನು ಕೇಳುವುದು ಒಂದೇ: ಮೀಟಿಂಗ್ ಮುಗಿದ ಮೇಲೆ ನಿಮ್ಮೂರಿಗೆ ಬಸ್ಸಿದೆಯಾ? ಗುಂಪು ಎಷ್ಟೇ ಒಳ್ಳೆಯದಿರಲಿ, ವಾರ ವಾರ ಹೋಗಿ ಬರಲು ಆಗದಿದ್ದರೆ ಉಪಯೋಗಕ್ಕೆ ಬರುವುದಿಲ್ಲ.

ಅದಕ್ಕೂ ಮೊದಲು ಡಾಕ್ಟರನ್ನು ನೋಡಿ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹತ್ತುವುದಿಲ್ಲ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು-ಮೂರು ದಿನಕ್ಕೆ ಇಲ್ಲದವರು ಕಂಡಂತಾಗಿ ಬಡಬಡಿಸುತ್ತಾರೆ. ಇದನ್ನು ನೋಡಿ ಮನೆಯವರು ದೆವ್ವ ಮೆಟ್ಟಿತು ಅಂತ ಓಡಾಡುವುದುಂಟು. ದೆವ್ವ ಅಲ್ಲ, ಜೀವಕ್ಕೆ ಅಪಾಯ ತರುವ ಸ್ಥಿತಿ ಅದು. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಕರಾವಳಿಯವರಿಗೆ ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಹಳಿಯಾಳ, ಮುಂಡಗೋಡ ಕಡೆಯವರಿಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರವಾಗುತ್ತದೆ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ನಡೆಸುವ ಯೋಜನೆ ಇದೆ. ನಿಮ್ಮ ಊರಿಗೆ ಮನೋವೈದ್ಯರು ಯಾವ ಮಂಗಳವಾರ ಬರುತ್ತಾರೆ ಅಂತ ಚೀಟಿ ಕೊಡುವಲ್ಲಿ ಕೇಳಿಕೊಳ್ಳಿ. ಎಷ್ಟು ಕುಡಿಯುತ್ತೀರಿ ಅಂತ ಡಾಕ್ಟರ್ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ. ಮಾತ್ರೆಯ ಲೆಕ್ಕ ಅದರ ಮೇಲೇ ನಿಂತಿದೆ.

ಇನ್ನು ಗುಂಪಿನ ವಿಷಯ. ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಸುಲಭದ ದಾರಿ ಧರ್ಮಸ್ಥಳ ಸಂಘ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಸಂಘದಲ್ಲಿ ಇರುವವರು ಸಿಗುತ್ತಾರೆ ಅಲ್ವಾ? ಅವರ ಸೇವಾಪ್ರತಿನಿಧಿಯನ್ನು ಕೇಳಿ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಸೇರಿ 8 ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತವೆ. ಮುಂದಿನದು ಯಾವ ತಾಲೂಕಿನಲ್ಲಿ, ಯಾವಾಗ ಅಂತ ಅವರಿಗೆ ಗೊತ್ತಿರುತ್ತದೆ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಅಂತ ಮಾಡಿಕೊಂಡು ಆಮೇಲೂ ಸೇರುತ್ತಾರೆ. ನನ್ನ ಪ್ರಕಾರ ಶಿಬಿರಕ್ಕಿಂತ ಈ ಸಮಿತಿಯೇ ಮುಖ್ಯ. ಶಿಬಿರದಲ್ಲಿ ಬಾಟಲಿ ಕಣ್ಣಿಗೆ ಬೀಳುವುದಿಲ್ಲ. ಕಷ್ಟ ಶುರುವಾಗುವುದು ಒಂಬತ್ತನೇ ದಿನ, ಬಸ್ ಇಳಿದು ಅದೇ ಬಾರಿನ ಮುಂದೆ ಮನೆಗೆ ನಡೆಯುವಾಗ. ಆದ್ದರಿಂದ ಶಿಬಿರಕ್ಕೆ ಹೆಸರು ಕೊಡುವಾಗಲೇ ಕೇಳಿ: ನಮ್ಮೂರ ಹತ್ತಿರ ಸಮಿತಿ ಎಲ್ಲಿ ಸೇರುತ್ತದೆ, ಯಾವ ವಾರ?

ಇನ್ನೊಂದು ಆಲ್ಕೋಹಾಲಿಕ್ಸ್ ಅನಾನಿಮಸ್, ಎಲ್ಲರೂ ಎ.ಎ. ಅಂತಾರೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರು ಮಾಡಿದ್ದು. ಫೀಸು ಇಲ್ಲ, ಜಾತಿ-ಧರ್ಮ ಕೇಳುವುದಿಲ್ಲ. ಕುಡಿತ ಬಿಡುವ ಮನಸ್ಸಿದ್ದರೆ ಸಾಕು. ಎ.ಎ. ಇಂಡಿಯಾದ ವೆಬ್‌ಸೈಟಿನಲ್ಲಿ ಸಹಾಯವಾಣಿ ಸಿಗುತ್ತದೆ. ಪಟ್ಟಿಯಲ್ಲಿ ವಿಳಾಸ ಇದೆ ಅಂತ ಸೀದಾ ಹೊರಡಬೇಡಿ. ಜಾಗ, ಹೊತ್ತು ಬದಲಾಗಿರಬಹುದು. ಮೊದಲು ಫೋನ್ ಮಾಡಿ. ಏನು ಹೇಳುವುದು ಅಂತ ಗಂಟಲು ಕಟ್ಟಿದರೆ ಇಷ್ಟೇ ಹೇಳಿ: "ನಮಸ್ಕಾರ, ನನಗೆ ಕುಡಿತ ಬಿಡಬೇಕು. ನಾನು ಅಂಕೋಲಾದವನು. ಹತ್ತಿರದ ಮೀಟಿಂಗ್ ಎಲ್ಲಿದೆ, ಯಾವ ಭಾಷೆಯಲ್ಲಿ ನಡೆಯುತ್ತದೆ?" ಭಾಷೆ ಕೇಳುವುದು ಮರೆಯಬೇಡಿ. ಸದಾಶಿವಗಡ, ಮಾಜಾಳಿ ಕಡೆಯವರಿಗೆ ಮನಸ್ಸು ಬಿಚ್ಚಲು ಕೊಂಕಣಿಯೇ ಬೇಕು. ಅವರಿಗೆ ರೈಲಿನಲ್ಲಿ ಮಡಗಾಂವ್ ಕಡೆಯ ಗುಂಪೂ ಆದೀತು. ಹತ್ತಿರ ಏನೂ ಸಿಗದಿದ್ದರೆ ಆನ್‌ಲೈನ್ ಮೀಟಿಂಗ್ ಕೇಳಿ.

ಮೀಟಿಂಗ್ ಹೇಗಿರುತ್ತದೆ ಅಂತ ಹೆದರಬೇಡಿ. ಪ್ಲಾಸ್ಟಿಕ್ ಕುರ್ಚಿಗಳು, ಕೆಟಲಿನಲ್ಲಿ ಚಹಾ. ಒಬ್ಬರು ಎದ್ದು ಹೆಸರು ಹೇಳಿ, "ನಾನು ಕುಡುಕ" ಅಂತ ಶುರು ಮಾಡುತ್ತಾರೆ. ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮೊದಲ ದಿನ ನೀವು ಮಾತಾಡಲೇಬೇಕು ಅಂತಿಲ್ಲ, ಸುಮ್ನೆ ಕೂತು ಕೇಳಬಹುದು. ಕೊನೆಗೆ ಕಾಸು ಹಾಕುವ ಡಬ್ಬಿ ಸುತ್ತು ಬರುತ್ತದೆ. ಇದ್ದರೆ ಹಾಕಿ, ಇಲ್ಲದಿದ್ದರೆ ಮುಂದಿನವರಿಗೆ ಕೊಡಿ. ಹೊರಡುವ ಮುಂಚೆ ಇಬ್ಬರ ನಂಬರಾದರೂ ಬರೆದುಕೊಳ್ಳಿ. ಸಂಜೆ ಏಳಕ್ಕೆ ಕುಡಿಯಬೇಕು ಅನ್ನಿಸಿದಾಗ ಆ ನಂಬರೇ ಕೆಲಸಕ್ಕೆ ಬರುವುದು.

ಗುರುತಿನವರು ನೋಡಿಬಿಟ್ಟರೆ ಅನ್ನುವ ಅಂಜಿಕೆ ನಮ್ಮ ಕಡೆ ಜಾಸ್ತಿ. ಸಣ್ಣ ಊರು, ಯಾರ ಮಗ ಅಂತ ಎಲ್ಲರಿಗೂ ಗೊತ್ತು. ಅಂಥವರು ಶುರುವಿಗೆ ಪಕ್ಕದ ತಾಲೂಕಿನ ಗುಂಪಿಗೆ ಹೋಗಿ, ತಪ್ಪೇನಿಲ್ಲ. ಆದರೆ ಮಳೆಗಾಲದಲ್ಲಿ ದೇವಿಮನೆ ಘಟ್ಟ ದಾಟಿ ಹೋಗುವ ಗುಂಪನ್ನೇ ನಂಬಿಕೊಳ್ಳಬೇಡಿ. ಮೀನುಗಾರರಿಗಂತೂ ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಡಲಿಗಿಳಿಯದ ದಿನಗಳಲ್ಲೇ ಗುಂಪು ಜಾಸ್ತಿ ಬೇಕು. ಕೆಲಸ ಇಲ್ಲ, ಹೊತ್ತು ಹೋಗುವುದಿಲ್ಲ. ಆಗ ನಡೆದು ಹೋಗುವಷ್ಟು ಹತ್ತಿರ ಗುಂಪಿದ್ದರೆ ಒಳ್ಳೆಯದು.

ಮನೆಯ ಹೆಂಗಸರಿಗೆ ಒಂದು ಮಾತು. ಗೊತ್ತಾಗದಂತೆ ಸಾರಿನಲ್ಲಿ ಬೆರೆಸುವ ಪುಡಿ, ಮಾತ್ರೆ ದಯವಿಟ್ಟು ಬೇಡ. ಕುಡಿತ ಬಿಡಿಸುವ ಕೆಲವು ಮಾತ್ರೆಗಳ ಮೇಲೆ ಕುಡಿದರೆ ವಾಂತಿಯಾಗಿ, ಬಿಪಿ ಇಳಿದು ಪ್ರಾಣಕ್ಕೇ ಬರಬಹುದು. ಯಜಮಾನರು ಬರಲು ಒಪ್ಪದಿದ್ದರೆ ನೀವೊಬ್ಬರೇ ಹೋಗಬಹುದು. ಮನೆಯವರಿಗಾಗಿಯೇ ಅಲ್-ಅನಾನ್ ಅಂತ ಬೇರೆ ಗುಂಪಿದೆ. ಎ.ಎ.ಯಲ್ಲೂ ಓಪನ್ ಮೀಟಿಂಗ್ ಇರುವ ದಿನ ಮನೆಯವರು ಕೂರಬಹುದು. ಏನೂ ದಾರಿ ಕಾಣದ ರಾತ್ರಿ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮನಸ್, 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಗೆಂದೇ ಇರುವ ನಂಬರ್ 14446. ಎರಡಕ್ಕೂ ದುಡ್ಡು ಬೀಳುವುದಿಲ್ಲ.