ಬಾದಾಮಿಯ ಅಗಸ್ತ್ಯ ತೀರ್ಥ: ಬಿಸಿಲು ನೋಡಿ ದಂಡೆ ಸುತ್ತಿ

ಬಾದಾಮಿಗೆ ಬಂದವರು ಬಸ್ಸಿಳಿದ ಕೂಡಲೇ ಗುಹೆಗಳತ್ತ ಧಾವಿಸುತ್ತಾರೆ. ಆಮೇಲೆ ನಡುಮಧ್ಯಾಹ್ನ ಉತ್ತರದ ಕೋಟೆ ಹತ್ತಲು ಹೋಗಿ, ಕಾದ ಬಂಡೆಗಳ ನಡುವೆ ಸುಸ್ತಾಗಿ ಅರ್ಧಕ್ಕೇ ಇಳಿಯುತ್ತಾರೆ. ದಯವಿಟ್ಟು ಈ ಕ್ರಮ ಬದಲಿಸಿ. ಗುಹೆ, ಕೋಟೆ, ಗುಡಿಗಳೆಲ್ಲ ಇರುವುದು ಅಗಸ್ತ್ಯ ತೀರ್ಥವೆಂಬ ಕೆರೆಯ ಸುತ್ತಲೇ.

ಬೆಳಿಗ್ಗೆ ತಂಪಿರುವಾಗ ಉತ್ತರದ ಕೋಟೆಯೇ ಮೊದಲು. ದಾರಿ ಮ್ಯೂಸಿಯಂ ಪಕ್ಕದಿಂದ ಬಂಡೆಯ ಸೀಳಿನೊಳಗೆ ಏರುತ್ತದೆ. ತಲೆಗೊಂದು ಲೀಟರ್ ನೀರು ಕೆಳಗಿನಿಂದಲೇ ಒಯ್ಯಿರಿ. ತಿನಿಸು ಕೈಯಲ್ಲಿ ಬೇಡ, ಚೀಲದೊಳಗಿರಲಿ. ಪ್ಲಾಸ್ಟಿಕ್ ಸದ್ದು ಕೇಳಿದರೆ ಸಾಕು, ಮಂಗಗಳು ಮೈಮೇಲೇ ಬರುತ್ತವೆ. ಮೇಲಿನ ಶಿವಾಲಯದ ಹೊರಗೋಡೆಯಲ್ಲಿ ಗೋವರ್ಧನ ಎತ್ತಿದ ಕೃಷ್ಣನನ್ನು ಹುಡುಕಿ ನೋಡಿ. ಮಾಲೆಗಿತ್ತಿ ಶಿವಾಲಯ ಬೇರೆ ಬಂಡೆಯ ಮೇಲಿದೆ, ಅದಕ್ಕೆ ದಾರಿಯೂ ಬೇರೆ.

ಇಳಿದ ಮೇಲೆ ಮ್ಯೂಸಿಯಂ. ಶುಕ್ರವಾರ ರಜೆ, ಹಾಗಾಗಿ ಆ ದಿನ ಬರಬೇಡಿ. ನಾಗನಾಥಕೊಳ್ಳದ ಲಜ್ಜಾಗೌರಿ, ಅಂದರೆ ಫಲವಂತಿಕೆಯ ದೇವತೆಯ ಶಿಲ್ಪ, ಇರುವುದು ಇಲ್ಲೇ.

ಬಿಸಿಲೇರಿದಾಗ ದಕ್ಷಿಣದ ಗುಹೆಗಳು. ಮೊದಲ ಮೂರೂ ಉತ್ತರಕ್ಕೆ ಮುಖ ಮಾಡಿರುವುದರಿಂದ ಒಳಗೆ ನೆರಳು, ತಂಪು. ಆದರೆ ಕತ್ತಲೂ ಹೌದು, ಟಾರ್ಚ್ ಬೇಕು. ಒಂದನೇ ಗುಹೆಯ ಬಲಕ್ಕೆ 18 ಕೈಗಳ ನಟರಾಜನಿದ್ದಾನೆ. ಎಲ್ಲ ಕೈಗಳನ್ನೂ ಒಟ್ಟಿಗೆ ನೋಡಿದರೆ ಬರೀ ಗೊಂದಲ. ಎಡಗಡೆಯ ಒಂದು ಕೈ, ಬಲಗಡೆಯ ಒಂದು ಕೈ ಆರಿಸಿಕೊಂಡು ಉಳಿದವನ್ನು ಮರೆತುಬಿಡಿ, ಒಂದು ಪೂರ್ತಿ ಭಂಗಿ ಎದ್ದು ಬರುತ್ತದೆ; ಜೋಡಿ ಬದಲಿಸಿದರೆ ಇನ್ನೊಂದು. ಇದಕ್ಕೆ ಹತ್ತು ನಿಮಿಷವಾದರೂ ಕೊಡಿ. ಮೂರನೇ ಗುಹೆಯಲ್ಲಿ ಬಾದಾಮಿ ಚಾಲುಕ್ಯರ ಮಂಗಳೇಶನ ಶಾಸನವಿದೆ: ಶಕ 500, ಅಂದರೆ ಕ್ರಿ.ಶ. 578. ಕಾಲ ಇಷ್ಟು ಖಚಿತವಾಗಿ ತಿಳಿದಿರುವುದರಿಂದಲೇ ಉಳಿದ ಗುಹೆಗಳ ಕಾಲವನ್ನು ಇದರ ಶೈಲಿಗೆ ಹೋಲಿಸಿ ಅಂದಾಜು ಮಾಡುತ್ತಾರೆ. ಕಂಬಗಳ ಮೇಲಿನ ದಂಪತಿ ಶಿಲ್ಪಗಳನ್ನು ಮುಟ್ಟಬೇಡಿ, ಮರಳುಗಲ್ಲು ಸವೆಯುತ್ತದೆ.

ಸಂಜೆಗೆ ಕೆರೆಯ ಪೂರ್ವದ ದಂಡೆಯ ಭೂತನಾಥ ಗುಡಿ. ಸೂರ್ಯ ಮುಳುಗಲು ಒಂದು ತಾಸು ಇರುವಾಗಲೇ ಅಲ್ಲಿರಿ, ಪಶ್ಚಿಮದ ಬೆಳಕು ಕೆಂಪು ಕಲ್ಲಿಗೆ ನೇರ ಬೀಳುವುದು ಆಗಲೇ. ನೀರಿನತ್ತ ತೆರೆದ ಮಂಟಪ ನಂತರ ಸೇರಿಸಿದ್ದು. ಮೂಲ ಗುಡಿ ಅದಕ್ಕಿಂತ ಹಳೆಯದು, ಬಾದಾಮಿ ಚಾಲುಕ್ಯರ ಕಾಲದ್ದು. ಉತ್ತರ ದಂಡೆಯ ಮಲ್ಲಿಕಾರ್ಜುನ ಗುಂಪಿನ ಶಿಖರಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ, ಅವು ನಂತರ ಬಂದ ಕಲ್ಯಾಣದ ಚಾಲುಕ್ಯರ ಕಾಲದವು. ಎರಡನ್ನೂ ಬೆನ್ನು ಬೆನ್ನಿಗೇ ನೋಡಿದರೆ ಶೈಲಿಯ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ತಟ್ಟುಕೋಟಿ ಕಡೆಯ ಬಂಡೆಯಲ್ಲಿ ಕಪ್ಪೆ ಅರಭಟ್ಟನೆಂಬ ವೀರನ ಹಳಗನ್ನಡ ತ್ರಿಪದಿ ಶಾಸನವೂ ಇದೆ, ಕನ್ನಡಿಗರು ಬಿಡಬಾರದ್ದು. ಅದನ್ನೂ ನೋಡುವ ಮನಸ್ಸಿದ್ದರೆ ಭೂತನಾಥಕ್ಕೆ ಇನ್ನೂ ಬೇಗ ಹೊರಡಿ.

ಮಳೆಗಾಲ ಮುಗಿದು ಕೆರೆ ತುಂಬಿದ ಮೇಲೆ ಬಂದರೆ ಚೆಂದ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಪಾಚಿಗಟ್ಟುತ್ತದೆ, ಕೆಳಗಿನ ಮೆಟ್ಟಿಲುಗಳಿಗೆ ಕಾಲಿಡಬೇಡಿ. ಊರ ಕಡೆಯ ದಂಡೆಯಲ್ಲಿ ಬಟ್ಟೆ ಒಗೆಯುವ ಹೆಣ್ಣುಮಕ್ಕಳಿರುತ್ತಾರೆ, ಕೇಳದೆ ಫೋಟೋ ತೆಗೆಯಬೇಡಿ. ರೈಲ್ವೆ ಸ್ಟೇಷನ್ ಊರಿಂದ ಸುಮಾರು 5 ಕಿ.ಮೀ. ದೂರ, ರಾತ್ರಿ ರೈಲಿದ್ದರೆ ಆಟೋ ಮೊದಲೇ ಮಾತಾಡಿಟ್ಟುಕೊಳ್ಳಿ.