ಡಾಸ್ ಬಿಲ್ಲು ಯುಎಸ್‌ಬಿ ಪ್ರಿಂಟರ್‌ನಲ್ಲಿ ಬಂದ ಬಗೆ

ಉಡುಪಿಯ ರಥಬೀದಿ ಬಳಿಯ ನಮ್ಮ ದಿನಸಿ ಅಂಗಡಿಯಲ್ಲಿ 32 ಬಿಟ್‌ನ ವಿಂಡೋಸ್ 7 ಇದೆ, ಬಿಲ್ಲಿಗೆ ಹಳೆಯ ಡಾಸ್ (ವಿಂಡೋಸ್‌ಗಿಂತ ಹಿಂದಿನ ವ್ಯವಸ್ಥೆ) ತಂತ್ರಾಂಶ. ಹಳೆಯ ಪ್ರಿಂಟರ್ ಉಪ್ಪುಗಾಳಿಗೆ ತುಕ್ಕು ಹಿಡಿಯಿತು. ಹೊಸ ಯುಎಸ್‌ಬಿ ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ನೋಟ್‌ಪ್ಯಾಡ್ ಮುದ್ರಣವಾಗುತ್ತಿತ್ತು, ಬಿಲ್ಲು ಮಾತ್ರ ಇಲ್ಲ.

ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಹೋಗುವ ಕೇಬಲ್ ತಂದದ್ದು ದಂಡ: ಅದು ಎಲ್‌ಪಿಟಿ1 (ಹಳೆಯ ಪ್ಯಾರಲಲ್ ಪ್ರಿಂಟರ್ ಪೋರ್ಟಿನ ಹೆಸರು) ಆಗುವುದಿಲ್ಲ, ಡಾಸ್‌ಗೆ ಬೇಕಾದದ್ದು ಅದೇ. ಡ್ರೈವರ್ ಬದಲಿಸಿದರೂ ಅಷ್ಟೇ.

ಕೆಲಸವಾದ ಕ್ರಮ ಹೀಗೆ. ಪ್ರಿಂಟರ್ ಪ್ರಾಪರ್ಟೀಸ್‌ನ ಶೇರಿಂಗ್‌ನಲ್ಲಿ ‘ಬಿಲ್’ ಎಂಬ ಚಿಕ್ಕ ಹೆಸರು ಕೊಟ್ಟೆ. ಡಿವೈಸ್ ಮ್ಯಾನೇಜರ್‌ನಲ್ಲಿ ಮದರ್‌ಬೋರ್ಡಿನ ಎಲ್‌ಪಿಟಿ1 ಪೋರ್ಟನ್ನು ಡಿಸೇಬಲ್ ಮಾಡಿದೆ. ಅದಿದ್ದಾಗ ಕೆಳಗಿನ ಕಮಾಂಡ್‌ಗೆ ‘ಸಿಸ್ಟಂ ಎರರ್ 5’ (ಅನುಮತಿ ಇಲ್ಲ) ಬರುತ್ತಿತ್ತು. ಬಳಿಕ ಎಲ್‌ಪಿಟಿ1ಗೆ ಹೋಗುವುದನ್ನು ‘ಬಿಲ್’ ಪ್ರಿಂಟರ್‌ಗೆ ತಿರುಗಿಸಲು ಕಮಾಂಡ್ ಪ್ರಾಂಪ್ಟ್‌ನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ:

ನೆಟ್ ಯೂಸ್ ಎಲ್‌ಪಿಟಿ1: \\ಕಂಪ್ಯೂಟರ್‌ಹೆಸರು\ಬಿಲ್ /ಪರ್ಸಿಸ್ಟೆಂಟ್:ಯೆಸ್

ಇದನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟು ತೆರೆದ ಕಿಟಕಿಯಲ್ಲಿ ಬರೆಯಬೇಡಿ, ಅಲ್ಲಿ ಮಾಡಿದ ಜೋಡಣೆ ಸಾಮಾನ್ಯ ಕಿಟಕಿಗೆ ಕಾಣುವುದಿಲ್ಲ. ನನ್ನ ಎರಡು ಸಂಜೆ ಹೋದದ್ದು ಇಲ್ಲೇ.

ಮರುದಿನ ಮತ್ತೆ ನಿಂತಿತು. ನೆಟ್‌ವರ್ಕ್ ಕೇಬಲ್ ಕಿತ್ತಿದ್ದರೆ ಹಂಚಿಕೊಂಡ ಪ್ರಿಂಟರ್ ಸಿಗುವುದಿಲ್ಲ. ಡಿವೈಸ್ ಮ್ಯಾನೇಜರ್‌ನ ‘ಆ್ಯಡ್ ಲೆಗಸಿ ಹಾರ್ಡ್‌ವೇರ್’ ಮೂಲಕ ಮೈಕ್ರೋಸಾಫ್ಟ್ ಲೂಪ್‌ಬ್ಯಾಕ್ ಅಡಾಪ್ಟರ್ (ತಂತ್ರಾಂಶದಲ್ಲೇ ಇರುವ ನಕಲಿ ನೆಟ್‌ವರ್ಕ್ ಕಾರ್ಡ್) ಹಾಕಿದ ಮೇಲೆ ಕೇಬಲ್ ಇಲ್ಲದೆಯೂ ಬಿಲ್ಲು ಬರುತ್ತಿದೆ. 64 ಬಿಟ್ ವಿಂಡೋಸ್‌ನಲ್ಲಿ ಈ ದಾರಿಯೇ ಇಲ್ಲ, ಅಲ್ಲಿ ಡಾಸ್ ತಂತ್ರಾಂಶ ನೇರವಾಗಿ ಓಡುವುದಿಲ್ಲ.