ಕಿಟಕಿಗೆ ಗಾಜು ಕೂರಿಸುವ ಮುನ್ನ ಪೆಟ್ಟಿನ ಲೆಕ್ಕ ಹಾಕುವುದು ಹೇಗೆ?

ಬೆಂಗಳೂರಿನ 30×40 ಅಡಿಯ ನಿವೇಶನಗಳಲ್ಲಿ ಕಿಟಕಿಗೂ ರಸ್ತೆಗೂ ನಡುವೆ ಇರುವುದು ಹೆಚ್ಚೆಂದರೆ ಒಂದು ಕಾಂಪೌಂಡ್ ಗೋಡೆ. ರಸ್ತೆಯಲ್ಲಿ ಮಕ್ಕಳ ಕ್ರಿಕೆಟ್, ಬೇಸಿಗೆ ಮಳೆಯೊಂದಿಗೆ ಆಗೊಮ್ಮೆ ಈಗೊಮ್ಮೆ ಆಲಿಕಲ್ಲು, ಲಾರಿ ಚಕ್ರಕ್ಕೆ ಸಿಕ್ಕಿ ಸಿಡಿಯುವ ಜಲ್ಲಿ, ಹೀಗೆ ಗಾಜಿಗೆ ಬೀಳುವ ಪೆಟ್ಟು ಹಲವು ಬಗೆಯದು. ಆದರೂ ಗಾಜಿನ ಅಂಗಡಿಯಲ್ಲಿ ಮಾತುಕತೆ ‘ನಾಲ್ಕು ಎಂಎಂ ಸಾಕಾ, ಐದು ಬೇಕಾ’ ಎಂಬಲ್ಲಿಗೆ ಮುಗಿದುಹೋಗುತ್ತದೆ. ದಪ್ಪ ಮುಖ್ಯವೇ, ಆದರೆ ಯಾವ ವಸ್ತು ಎಷ್ಟು ಹೊತ್ತು ಗಾಜನ್ನು ಒತ್ತುತ್ತದೆ ಎಂಬುದನ್ನು ಅದಕ್ಕೂ ಮೊದಲು ಯೋಚಿಸಬೇಕು.

ಆದ್ದರಿಂದ ಮೊದಲ ಕೆಲಸ, ಪ್ರತಿ ಕಿಟಕಿಯ ಎದುರು ನಿಂತು ಅದಕ್ಕೆ ಏನು ಬಡಿಯಬಹುದು ಎಂದು ಬರೆದುಕೊಳ್ಳುವುದು. ಸುಮಾರು 160 ಗ್ರಾಂ ತೂಕದ ಕ್ರಿಕೆಟ್ ಚೆಂಡು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಬಂದರೆ ಅದರ ಶಕ್ತಿ 32 ಜೂಲ್. ಸೌರಫಲಕಗಳ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ 25 ಮಿಲಿಮೀಟರ್ ವ್ಯಾಸದ ಮಂಜುಗಡ್ಡೆಯ ಗುಂಡನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಹೊಡೆಯುತ್ತಾರೆ. ಅದರ ಶಕ್ತಿ ಸುಮಾರು 2 ಜೂಲ್ ಮಾತ್ರ. ತಾರಸಿಯ ಮೇಲಿನ ಫಲಕದ 3.2 ಮಿಲಿಮೀಟರ್ ಗಾಜು ಸಾಮಾನ್ಯ ಆಲಿಕಲ್ಲಿಗೆ ಜಗ್ಗುವುದಿಲ್ಲ ಎಂದ ಮಾತ್ರಕ್ಕೆ ಅದು ಲೆದರ್ ಬಾಲ್‌ಗೂ ಜಗ್ಗುವುದಿಲ್ಲ ಎಂದು ತಿಳಿಯಬಾರದು.

ಶಕ್ತಿಯಷ್ಟೇ ಸಾಲದು, ಪೆಟ್ಟಿನ ಅವಧಿಯನ್ನೂ ನೋಡಬೇಕು. ಒಂದು ಮೀಟರ್ ಚೌಕದ, 4 ಮಿಲಿಮೀಟರ್ ದಪ್ಪದ ಗಾಜು ನಾಲ್ಕೂ ಅಂಚುಗಳಲ್ಲಿ ಆನಿಕೊಂಡಿದ್ದಾಗ ಸೆಕೆಂಡಿಗೆ ಸುಮಾರು 20 ಸಲ ಕಂಪಿಸುತ್ತದೆ, ಅಂದರೆ ಒಂದು ಕಂಪನಕ್ಕೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಬೇಕು. ಜಲ್ಲಿಕಲ್ಲು ಗಾಜಿಗೆ ತಾಗಿ ಚಿಮ್ಮುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಮೊದಲೇ. ಅಷ್ಟರಲ್ಲಿ ಇಡೀ ಗಾಜಿಗೆ ಬಾಗಲು ಪುರಸೊತ್ತೇ ಇರುವುದಿಲ್ಲ. ಪೆಟ್ಟು ಬಿದ್ದ ಜಾಗದ ಸುತ್ತಲಿನ ಅಂಗೈಯಗಲದ ಭಾಗವಷ್ಟೇ ಹಿಂದಕ್ಕೆ ತಗ್ಗುತ್ತದೆ, ಚೌಕಟ್ಟಿಗೆ ಸುದ್ದಿ ಮುಟ್ಟುವ ಮೊದಲೇ ಬಿರುಕಿನ ತೀರ್ಮಾನವಾಗಿರುತ್ತದೆ. ಓಡಿಬಂದ ಮಗುವೊಂದು ನೆಲದವರೆಗೆ ಇಳಿದ ಫ್ರೆಂಚ್ ವಿಂಡೋಗೆ ಡಿಕ್ಕಿ ಹೊಡೆದಾಗ ನಡೆಯುವುದು ಬೇರೆ. ಮೈ ಮೆತ್ತಗಿರುವುದರಿಂದ ಒತ್ತಡ ಹೆಚ್ಚು ಹೊತ್ತು ಇರುತ್ತದೆ, ಗಾಜು ಅಂಚಿನಿಂದ ಅಂಚಿಗೆ ಬಾಗುತ್ತದೆ, ಆಗ ಅದರ ಅಳತೆ, ದಪ್ಪ, ಹಿಡಿದಿರುವ ಚೌಕಟ್ಟು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಹಳೆಯ ಒಡೆದ ಗಾಜು ಇನ್ನೂ ಕಿಟಕಿಯಲ್ಲೇ ಇದ್ದರೆ ಅದನ್ನು ತೆಗೆಸುವ ಮುನ್ನ ಒಮ್ಮೆ ಪರೀಕ್ಷಿಸಿ. ಹೊರಮುಖದಲ್ಲಿ ಸಣ್ಣ ತೂತು, ಒಳಮುಖದಲ್ಲಿ ಅದರ ನಾಲ್ಕಾರು ಪಟ್ಟು ಅಗಲದ ಚಕ್ಕೆ ಎದ್ದಿದ್ದರೆ ಅದು ಚಿಕ್ಕ, ಗಟ್ಟಿ ವಸ್ತುವಿನ ಪೆಟ್ಟು. ನಡುವಿನಿಂದ ನಕ್ಷತ್ರದಂತೆ ಸೀಳುಗಳು ಹೊರಟಿದ್ದರೆ ಗಾಜು ಬಾಗಿ ಹಿಂಬದಿಯಿಂದ ಒಡೆದಿದೆ. ತೆಳು ಗಾಜಿನಲ್ಲಿ ಈ ಎರಡನೆಯದೇ ಹೆಚ್ಚು, ಏಕೆಂದರೆ ಪೆಟ್ಟು ಬಿದ್ದ ಮುಖ ಕುಗ್ಗಿದರೆ ಹಿಂದಿನ ಮುಖ ಹಿಗ್ಗುತ್ತದೆ, ಗಾಜು ಸೋಲುವುದು ಹಿಗ್ಗುವ ಕಡೆಯೇ. ಮೇಲ್ಮೈಯ ಕಣ್ಣಿಗೆ ಕಾಣದ ಗೀರುಗಳಲ್ಲಿ ಒತ್ತಡ ಒಟ್ಟಾಗಿ ಬಿರುಕು ಶುರುವಾಗುತ್ತದೆಂದು ಇಂಗ್ಲೆಂಡಿನ ಎಂಜಿನಿಯರ್ ಗ್ರಿಫಿತ್ 1921ರಲ್ಲೇ ವಿವರಿಸಿದ್ದರು. ಒಳಗಿನಿಂದ ಮರಳುಕಾಗದ ಹಾಕಿ ಬಣ್ಣದ ಕಲೆ ಉಜ್ಜುವ ಅಭ್ಯಾಸ ಹೊರಗಿನ ಪೆಟ್ಟಿಗೆ ದಾರಿ ಮಾಡಿಕೊಡುತ್ತದೆ ಎನ್ನುವುದು ಇದಕ್ಕೇ.

ಇನ್ನು ಆಯ್ಕೆ. ಸಾದಾ ಗಾಜನ್ನು 4ರಿಂದ 5 ಎಂಎಂಗೆ ಏರಿಸಿದರೆ ಬಿಗಿತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಚದರ ಮೀಟರಿಗೆ ತೂಕ 10 ಕಿಲೋದಿಂದ 12.5 ಕಿಲೋಗೆ ಹೋಗುತ್ತದೆ. ಆದರೆ ಒಡೆದಾಗ ಉದ್ದನೆಯ ಚೂಪು ಚೂರುಗಳಾಗುವ ಗುಣ ಮಾತ್ರ ಹಾಗೆಯೇ ಉಳಿಯುತ್ತದೆ. ಟಫನ್ಡ್ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿ ಗಾಳಿ ಊದಿ ಥಟ್ಟನೆ ತಣಿಸಿರುತ್ತಾರೆ. ಎರಡೂ ಮುಖಗಳು ಮೊದಲೇ ಒಳಕ್ಕೆ ಬಿಗಿದುಕೊಂಡಿರುವುದರಿಂದ ಬಾಗಿದರೂ ಹಿಂಬದಿ ಬೇಗ ಹಿಗ್ಗುವುದಿಲ್ಲ, ಬಲ ನಾಲ್ಕೈದು ಪಟ್ಟು ಹೆಚ್ಚು. ಒಡೆದರೆ ಮೊಂಡು ಹರಳುಗಳಾಗಿ ಉದುರುತ್ತದೆ, ಕಿಟಕಿ ಮಾತ್ರ ಪೂರ್ತಿ ಬಯಲಾಗುತ್ತದೆ. ನೆಲಮಹಡಿಯ ರಸ್ತೆ ಬದಿಗೆ ಇದು ಒಪ್ಪುತ್ತದೆ. ಅಪಾರ್ಟ್‌ಮೆಂಟಿನ ಎಂಟನೇ ಮಹಡಿಯ ಬಾಲ್ಕನಿ ಕಟಕಟೆಗೆ ಟಫನ್ಡ್ ಒಂದನ್ನೇ ಹಾಕುವುದು ನನ್ನ ಅಭಿಪ್ರಾಯದಲ್ಲಿ ಸರಿಯಲ್ಲ. ಅಲ್ಲಿ ಎರಡು ಟಫನ್ಡ್ ಹಾಳೆಗಳ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ಕಿನ ಪದರ ಇರುವ ಲ್ಯಾಮಿನೇಟೆಡ್ ಗಾಜೇ ಬೇಕು, ಏಕೆಂದರೆ ಒಡೆದ ಚೂರುಗಳು ಪದರಕ್ಕೆ ಅಂಟಿಕೊಂಡು ಜಾಗದಲ್ಲೇ ನಿಲ್ಲುತ್ತವೆ. ದುಬಾರಿ ನಿಜ. ಎಲ್ಲ ಕಿಟಕಿಗೂ ಹಾಕಿಸುವ ಅಗತ್ಯವೂ ಇಲ್ಲ.

ಆರ್ಡರ್ ಕೊಡುವ ಮೊದಲು ಅಳತೆ, ಹಿಡಿಕೆಯ ತೂತು, ಬೀಗದ ಕಚ್ಚು ಎಲ್ಲವನ್ನೂ ಅಂತಿಮಗೊಳಿಸಿ. ಟಫನ್ ಆದ ಮೇಲೆ ಕತ್ತರಿಸಲು, ಕೊರೆಯಲು ಬರುವುದಿಲ್ಲ. ಅಂಚುಗಳನ್ನು ಮಟ್ಟಸವಾಗಿ ಉಜ್ಜಿಸಲು ಹೇಳಿ. ಗಾಜು ಮನೆಗೆ ಬಂದಾಗ ನಾಲ್ಕೂ ಮೂಲೆಗಳ ಮೇಲೆ ಬೆಳಕು ಬಿಟ್ಟು ನೋಡಿ, ಎಲ್ಲಾದರೂ ಚಕ್ಕೆ ಎದ್ದಿದ್ದರೆ ವಾಪಸ್ ಕಳಿಸಿ. ಸುರಕ್ಷತಾ ಗಾಜಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 2553. ಅದರ ಗುರುತು ಮೂಲೆಯಲ್ಲಿ ಇದೆಯೇ ನೋಡಿಕೊಳ್ಳಿ. ಪೋಲರೈಸ್ಡ್ ತಂಪು ಕನ್ನಡಕ ಹಾಕಿಕೊಂಡು, ನೀಲಿ ಆಕಾಶದ ಬೆಳಕಿನಲ್ಲಿ ಓರೆಯಾಗಿ ನೋಡಿದರೆ ಟಫನ್ಡ್ ಗಾಜಿನಲ್ಲಿ ಸಾಮಾನ್ಯವಾಗಿ ಮಬ್ಬು ಚುಕ್ಕೆ, ಪಟ್ಟೆಗಳ ವಿನ್ಯಾಸ ಕಾಣುತ್ತದೆ.

ಕೊನೆಯದು ಕೂರಿಸುವ ಕೆಲಸ. ಗಾಜಿನ ಅಂಚು ಅಲ್ಯೂಮಿನಿಯಂಗಾಗಲಿ ಸ್ಕ್ರೂ ತಲೆಗಾಗಲಿ ನೇರವಾಗಿ ತಾಗಕೂಡದು. ಕೆಳಗಿನ ಅಂಚಿನಲ್ಲಿ ಎರಡೂ ಕೊನೆಗಳಿಂದ ಅಗಲದ ಕಾಲು ಭಾಗದಷ್ಟು ಒಳಗೆ ಒಂದೊಂದು ಗಟ್ಟಿ ರಬ್ಬರ್ ತುಂಡಿಟ್ಟು, ಅದರ ಮೇಲೆ ಗಾಜನ್ನು ನಿಲ್ಲಿಸಿ, ಸುತ್ತಲೂ ಗ್ಯಾಸ್ಕೆಟ್ (ರಬ್ಬರ್ ಪಟ್ಟಿ) ಸಮನಾಗಿ ಕೂತಿದೆಯೇ ನೋಡಿ, ಆಮೇಲೆ ಗಾಜನ್ನು ಚೌಕಟ್ಟಿನಲ್ಲಿ ಹಿಡಿದಿಡುವ ಬೀಡಿಂಗ್ ಪಟ್ಟಿ ಹೊಡೆಸಬೇಕು. ಮರದ ಚೌಕಟ್ಟಿನಲ್ಲಿ ಬೀಡಿಂಗ್‌ಗೆ ಮೊಳೆ ಬಡಿಯುವಾಗ ಸುತ್ತಿಗೆ ಜಾರಿ ಅಂಚಿಗೆ ತಾಗುವುದು ತೀರ ಸಾಮಾನ್ಯ, ಆದ್ದರಿಂದ ಆ ಹೊತ್ತು ಗಾಜಿನ ಮೇಲೆ ಒಂದು ದಪ್ಪ ರಟ್ಟು ಅಡ್ಡ ಹಿಡಿಯಲು ಹೇಳಿ.